ಅಪ್ಪನ ಅಂಬಾಸಿಡರ್‌ಗೆ ಬ್ರೇಕ್ ಬೂಸ್ಟರ್

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆಯಲ್ಲಿ 1976ರ ಒಂದು ಅಂಬಾಸಿಡರ್ ಕಾರಿದೆ. ಪೆಟ್ರೋಲ್ ಗಾಡಿ. ಅಪ್ಪ ಕಲಬುರಗಿಯ ಧಾನ್ಯದ ಮಾರುಕಟ್ಟೆ ಗಂಜಿನಲ್ಲಿ ತೊಗರಿ ವ್ಯಾಪಾರ ಮಾಡುತ್ತಿದ್ದಾಗ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡದ್ದು. ಈಗ ಅವರಿಗೆ 76 ವರ್ಷ. ಮೊಣಕಾಲು ಸವೆದಿದೆ. ಎರಡು ವರ್ಷದ ಹಿಂದೆ ಒಂದು ಸಂಜೆ ಸೂಪರ್ ಮಾರ್ಕೆಟ್‌ನಿಂದ ಬಂದವರೇ ಕೀಲಿಯನ್ನು ನನ್ನ ಕೈಗಿಟ್ಟರು. "ಇನ್ಮ್ಯಾಲ ನೀನೇ ಹೊಡಿಯವ್ವ. ಬ್ರೇಕ್ ಒತ್ತಾಕ ಕಾಲಾಗ ಶಕ್ತಿ ಇಲ್ಲ" ಅಂದರು.

ಮರುದಿನ ನಾನು ಓಡಿಸಿ ನೋಡಿದೆ. ಜಗತ್ ಸರ್ಕಲ್‌ನಲ್ಲಿ ಆಟೋ ಅಡ್ಡ ಬಂತು. ಸೀಟಿಗೆ ಬೆನ್ನು ಆನಿಸಿ, ಇಡೀ ಮೈಭಾರ ಹಾಕಿ ಒತ್ತಿದ ಮೇಲೆ ಗಾಡಿ ನಿಂತಿತು. ನನಗೇ ಹೀಗಾದರೆ ಅಪ್ಪನ ಪಾಡೇನು? ಅವರಿಗೆ ಆ ಕಾರೆಂದರೆ ಜೀವ. ಕಾರು ಬಿಡಿಸುವುದು ಬೇಡ, ಬ್ರೇಕನ್ನೇ ಹಗುರ ಮಾಡಿಸೋಣ ಅಂತ ಅವತ್ತೇ ನಿರ್ಧಾರ ಮಾಡಿದೆ.

ಹಾಗೆ ಹಗುರ ಮಾಡುವ ಸಾಮಾನಿಗೆ ಬ್ರೇಕ್ ಬೂಸ್ಟರ್ ಅನ್ನುತ್ತಾರೆ. ದಪ್ಪ ರೊಟ್ಟಿ ಡಬ್ಬಿಯಂಥ ಕರಿ ತಗಡಿನ ಡಬ್ಬಿ ಅದು. ಬೆಲ್ಜಿಯಂನ ಎಂಜಿನಿಯರ್ ಆಲ್ಬರ್ಟ್ ಡಿವಾಂಡ್ರ್ 1927ರಲ್ಲೇ ಇದನ್ನು ಕಂಡುಹಿಡಿದರು. ಈಗಿನ ಹೆಚ್ಚಿನ ಸಣ್ಣ ಕಾರುಗಳಲ್ಲೂ ಇದೆ. ನಮ್ಮ ಹಳೆಯ ಅಂಬಾಸಿಡರ್‌ನಲ್ಲಿ ಇರಲಿಲ್ಲ, ಅಷ್ಟೇ.

ಇದು ಕೆಲಸ ಮಾಡುವ ರೀತಿ ಬಹಳ ಚೆಂದ. ಮನೆಯಲ್ಲಿ ಸೂಜಿ ಇಲ್ಲದ ಸಿರಿಂಜ್ ಇದ್ದರೆ ತುದಿಗೆ ಬೆರಳಿಟ್ಟು ಮುಚ್ಚಿ, ಹಿಡಿಯನ್ನು ಎಳೆದು ಬಿಡಿ. ಅದು ತಾನೇ ಒಳಗೆ ಓಡುತ್ತದೆ. ಒಳಗೆ ಯಾರೂ ಎಳೆಯುತ್ತಿಲ್ಲ. ಹೊರಗಿನ ಗಾಳಿ ನೂಕುತ್ತದೆ. ಬೂಸ್ಟರ್ ಒಳಗೂ ಇದೇ ಆಟ. ಡಬ್ಬಿಯ ನಡುವೆ ಒಂದು ರಬ್ಬರ್ ಪರದೆ. ಪೆಟ್ರೋಲ್ ಎಂಜಿನ್ ಉಸಿರು ಎಳೆದುಕೊಳ್ಳುವಾಗ ಅದರ ಗಾಳಿ ಕೊಳವೆಯಾದ ಮ್ಯಾನಿಫೋಲ್ಡ್‌ನಲ್ಲಿ ಗಾಳಿ ಕಡಿಮೆಯಾಗುತ್ತದೆ. ಅಲ್ಲಿಂದ ಒಂದು ಪೈಪ್ ತಂದು ಪರದೆಯ ಎರಡೂ ಬದಿಯ ಗಾಳಿಯನ್ನು ಹೀರಿಸಿಡುತ್ತಾರೆ. ನೀವು ಪೆಡಲ್ ಒತ್ತಿದ ಕೂಡಲೇ ಹಿಂಬದಿಗೆ ಮಾತ್ರ ಹೊರಗಿನ ಗಾಳಿ ನುಗ್ಗುತ್ತದೆ. ಪರದೆ ಮುಂದಕ್ಕೆ ಸರಿದು, ಚಕ್ರಗಳಿಗೆ ಬ್ರೇಕ್ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರನ್ನು ಒತ್ತುತ್ತದೆ.

ಎಷ್ಟು ಜೋರಾಗಿ ಒತ್ತುತ್ತದೆ ಗೊತ್ತಾ? ಪರದೆ 20 ಸೆಂಟಿಮೀಟರ್ ಅಗಲ ಇದ್ದರೆ ಅದರ ಮೈ 314 ಚದರ ಸೆಂಟಿಮೀಟರ್. ಒಂದೊಂದು ಚದರ ಸೆಂಟಿಮೀಟರ್ ಮೇಲೆ ಆರುನೂರು ಗ್ರಾಂ ಒತ್ತಡ ಅಂತ ಹಿಡಿಯಿರಿ. ಒಟ್ಟು 188 ಕೆಜಿ. ಹೆಚ್ಚುಕಡಿಮೆ ಎರಡು ಕ್ವಿಂಟಲ್ ತೊಗರಿ! ಈ ಲೆಕ್ಕ ಹೇಳಿದಾಗ ಅಪ್ಪನ ಮುಖ ಅರಳಿತು. ಗಂಜಿನಲ್ಲಿ ತೂಗಿದ ಮನುಷ್ಯ ಅಲ್ವಾ.

ಡೀಸೆಲ್ ಗಾಡಿ ಇದ್ದವರು ಒಂದು ಮಾತು ಗಮನಿಸಿ. ಹಳೆಯ ಡೀಸೆಲ್ ಎಂಜಿನ್ ಹೀಗೆ ಗಾಳಿ ಹೀರಿ ಕೊಡುವುದಿಲ್ಲ. ಅದಕ್ಕೆ ಬೇರೆ ವ್ಯಾಕ್ಯೂಮ್ ಪಂಪ್ ಬೇಕು.

ನಮ್ಮ ಮೆಕ್ಯಾನಿಕ್ ಉಸ್ತಾದ್ ಗಾಡಿಯನ್ನು ಒಂದು ಸುತ್ತು ಓಡಿಸಿ ಹೇಳಿದ್ದು ಇಷ್ಟು: "ಅಕ್ಕಾರೆ, ಮೊದಲ ಡ್ರಮ್ ಬಿಚ್ಚಿ ನೋಡೋಣ್ರಿ. ಬೂಸ್ಟರ್ ಮಾತು ಆಮ್ಯಾಲ." ನನಗೆ ಆಗ ಬೇಸರವಾಯಿತು. ಬಿಚ್ಚಿದ ಮೇಲೆ ನೋಡಿದರೆ, ಡ್ರಮ್ಮಿಗೆ ಉಜ್ಜಿ ಚಕ್ರ ನಿಲ್ಲಿಸುವ ಲೈನರ್ ಹಿಡಿತವಿಲ್ಲದೆ ಗಾಜಿನ ಹಾಗೆ ಹೊಳೆಯುತ್ತಿತ್ತು. ಆ ಲೈನರನ್ನು ಡ್ರಮ್ಮಿಗೆ ಒತ್ತುವ ಹಿಂದಿನ ಒಂದು ವೀಲ್ ಸಿಲಿಂಡರ್ ಸೋರುತ್ತಿತ್ತು. ಬೂಸ್ಟರ್ ಕಾಲಿನ ಶ್ರಮ ಕಡಿಮೆ ಮಾಡುತ್ತದೆ. ಕೆಟ್ಟ ಬ್ರೇಕನ್ನು ಒಳ್ಳೆಯದು ಮಾಡುವುದಿಲ್ಲ. ಸೋರುವ ಸಿಲಿಂಡರ್‌ಗೆ ಎರಡು ಕ್ವಿಂಟಲ್ ಭಾರ ಹಾಕಿದರೆ ಇನ್ನೂ ಬೇಗ ಸೋರುತ್ತದೆ. ಲೈನರ್, ರಬ್ಬರ್ ಹೋಸ್, ವಾಷರ್ ಎಲ್ಲ ಬದಲಾದವು. ಹಳೆಯ ಬ್ರೇಕ್ ಆಯಿಲ್ ಪೂರ್ತಿ ತೆಗೆಸಿದೆವು. ಆ ಆಯಿಲ್ ವರ್ಷಗಟ್ಟಲೆ ನೀರಿನ ತೇವ ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ತೇವ ಕುಡಿದ ಮೇಲೆ 140 ಡಿಗ್ರಿಗೇ ಕುದಿಯಬಹುದು. ನಮ್ಮ ಬೇಸಿಗೆಗೆ ಇದು ಸಣ್ಣ ಮಾತಲ್ಲ.

ಆಮೇಲೆ ಅವಸರ ಮಾಡಿದ್ದು ನಾನು. ಉಸ್ತಾದ್ ಊರಿಗೆ ಹೋಗಿದ್ದರು. ಬೇರೆ ಒಂದು ಗ್ಯಾರೇಜಿನಲ್ಲಿ ಬೂಸ್ಟರ್ ಕೂರಿಸಿಕೊಂಡೆ. ಒಂದು ವಾರ ಗಾಡಿ ಬೆಣ್ಣೆಯ ಹಾಗೆ ನಿಲ್ಲುತ್ತಿತ್ತು. ಏಪ್ರಿಲ್‌ನಲ್ಲಿ ಅಪ್ಪನನ್ನು ಕೂರಿಸಿಕೊಂಡು ಹುಮನಾಬಾದಿಗೆ ಹೊರಟೆ. ಕಮಲಾಪುರ ದಾಟುತ್ತಿದ್ದಂತೆ ಗಾಡಿ ಎಳೆಯದಾಯಿತು. ಎಕ್ಸಿಲರೇಟರ್ ತುಳಿದರೂ ಮುಂದೆ ಹೋಗಲೊಲ್ಲದು. ಸುಟ್ಟ ವಾಸನೆ. ಇಳಿದು ನೋಡಿದರೆ ನಾಲ್ಕೂ ಡ್ರಮ್ ಕಾದ ಹಂಚು. ಪೆಡಲ್ ಮೇಲೆ ಕಾಲೇ ಇಲ್ಲ, ಬ್ರೇಕ್ ಮಾತ್ರ ಹಿಡಿದೇ ಇದೆ.

ಸಿಮೆಂಟ್ ಲಾರಿಯ ಡ್ರೈವರ್ ಒಬ್ಬರು ನಿಲ್ಲಿಸಿದರು. ಬಾನೆಟ್ ಒಳಗೆ ಬಗ್ಗಿ ನೋಡಿ, "ಹದಿಮೂರರ ಪಾನಾ ಐತೇನ್ರಿ ಅಕ್ಕ?" ಅಂತ ಕೇಳಿದರು. ಮಾಸ್ಟರ್ ಸಿಲಿಂಡರನ್ನು ಬೂಸ್ಟರ್‌ಗೆ ಬಿಗಿದ ಎರಡು ನಟ್ಟನ್ನು ಎರಡೆರಡು ಸುತ್ತು ಸಡಿಲ ಮಾಡಿದರು. ಗಾಡಿ ತಾನೇ ಹಿಂದಕ್ಕೆ ಉರುಳಿತು! ಅಪ್ಪ ಓಡಿ ಹೋಗಿ ಚಕ್ರಕ್ಕೆ ಕಲ್ಲು ಕೊಟ್ಟರು.

ಕಾರಣ ಇದು. ಬೂಸ್ಟರ್‌ನಿಂದ ಒಂದು ಕಬ್ಬಿಣದ ಕಡ್ಡಿ ಬಂದು ಮಾಸ್ಟರ್ ಸಿಲಿಂಡರ್‌ನ ಪಿಸ್ಟನ್ನನ್ನು ತಳ್ಳುತ್ತದೆ. ಸಿಲಿಂಡರ್ ಒಳಗೆ ಸೂಜಿಮೊನೆಯಷ್ಟು ಒಂದು ತೂತು ಇದೆ. ಬಿಸಿಗೆ ಹಿಗ್ಗಿದ ಆಯಿಲ್ ತನ್ನ ಆಯಿಲ್ ಡಬ್ಬಿಗೆ ವಾಪಸ್ ಹೋಗುವ ದಾರಿ ಅದೇ. ಪಿಸ್ಟನ್ ಪೂರ್ತಿ ಹಿಂದೆ ಬಂದರೆ ಮಾತ್ರ ಅದು ತೆರೆಯುತ್ತದೆ. ನಮ್ಮ ಗಾಡಿಯ ಕಡ್ಡಿ ಬೇಕಾದದ್ದಕ್ಕಿಂತ ಕೂದಲೆಳೆಯಷ್ಟು ಹೆಚ್ಚು ಉದ್ದವಾಗಿತ್ತು. ತೂತು ಮುಚ್ಚಿಯೇ ಇತ್ತು. ಆಯಿಲ್ ಕಾದಷ್ಟೂ ಬ್ರೇಕ್ ತಾನೇ ಬಿಗಿಯುತ್ತಾ ಹೋಯಿತು. ಡ್ರಮ್ ತಣ್ಣಗಾದ ಮೇಲೆ ಆ ಅಣ್ಣ ಪೈಪ್ ಬಿಚ್ಚದೆ ಸಿಲಿಂಡರನ್ನು ಸ್ವಲ್ಪ ಮುಂದೆ ಸರಿಸಿದರು. ಕಡ್ಡಿಯ ತುದಿಯ ಸ್ಕ್ರೂವನ್ನು ಒಂದು ಸುತ್ತು ಒಳಗೆ ತಿರುಗಿಸಿದರು. ಚಹಾಕ್ಕೆ ಕರೆದರೂ ನಿಲ್ಲಲಿಲ್ಲ. ಅವರನ್ನು ಇವತ್ತಿಗೂ ನೆನೆಯುತ್ತೇನೆ.

ಕಡ್ಡಿಗೂ ಪಿಸ್ಟನ್‌ಗೂ ನಡುವೆ ಅರ್ಧದಿಂದ ಒಂದು ಮಿಲಿಮೀಟರ್ ಜಾಗ ಬೇಕು. ಎಟಿಎಂ ಕಾರ್ಡಿನ ದಪ್ಪ ಅಂದುಕೊಳ್ಳಿ. ಉಸ್ತಾದ್ ಊರಿಂದ ಬಂದ ಮೇಲೆ ಅದನ್ನು ಅಳೆದದ್ದು ಮಕ್ಕಳು ಆಡುವ ಬಣ್ಣದ ಮೇಣದಿಂದ. ಕಡ್ಡಿಯ ತುದಿಗೆ ಒಂದು ಚೂರು ಮೇಣ ಹಚ್ಚಿ, ಸಿಲಿಂಡರ್ ಕೂರಿಸಿ, ಮತ್ತೆ ತೆಗೆದು ಮೇಣ ಎಷ್ಟು ದಪ್ಪ ಉಳಿದಿದೆ ಅಂತ ನೋಡಿದರು.

ಅವರು ಎಲ್ಲವನ್ನೂ ಬಿಚ್ಚಿ ಹೊಸದಾಗಿ ಕೂರಿಸಿದರು. ಮ್ಯಾನಿಫೋಲ್ಡ್‌ನಿಂದ ಬರುವ ಪೈಪ್ ಪೆಟ್ರೋಲಿನದಾಗಿತ್ತು. ಅದು ಬಿಸಿಗೆ ಮೆತ್ತಗಾಗಿ ಒಳಕ್ಕೆ ಚಪ್ಪಟೆಯಾಗುತ್ತದೆ. ದಪ್ಪ ವ್ಯಾಕ್ಯೂಮ್ ಪೈಪೇ ಬೇಕು. ಬೂಸ್ಟರ್, ಮಾಸ್ಟರ್ ಸಿಲಿಂಡರ್, ಪೆಡಲ್ ಮೂರನ್ನೂ ಒಂದೇ ಕಾರಿನಿಂದ ತಂದರು. ಬೂಸ್ಟರ್ ಇಲ್ಲದ ಕಾರಿನ ಪೆಡಲ್ ಸನ್ನೆಗೋಲಿನ ಹಾಗೆ ಕಾಲಿನ ಬಲವನ್ನು ಸುಮಾರು ಆರು ಪಟ್ಟು ಮಾಡುತ್ತದೆ, ಇರುವ ಕಾರಿನದು ನಾಲ್ಕು ಪಟ್ಟು. ಸುಮ್ನೆ ಬೆರೆಸಿದರೆ ಪೆಡಲ್ ಮುಟ್ಟಿದ ಕೂಡಲೇ ಚಕ್ರ ಕಚ್ಚಿಕೊಳ್ಳುತ್ತದೆ. ಹೊಸ ಸಿಲಿಂಡರ್‌ನಲ್ಲಿ ಎರಡು ಬೇರೆ ಬೇರೆ ಲೈನ್ ಇವೆ. ಒಂದು ಸೋರಿದರೂ ಇನ್ನೊಂದು ಹಿಡಿಯುತ್ತದೆ. ನನಗೆ ಕೇಳಿದರೆ, ಬೂಸ್ಟರ್‌ಗಿಂತ ದೊಡ್ಡ ಲಾಭ ಇದೇ.

ಗಾಳಿಯ ಎಳೆತವನ್ನು ಪಾದರಸದ ಇಂಚಿನಲ್ಲಿ ತೋರಿಸುವ ಗೇಜ್ ಹಾಕಿ ನೋಡಿದಾಗ ಎಂಜಿನ್ 14 ಇಂಚು ಮಾತ್ರ ಎಳೆಯುತ್ತಿತ್ತು. ಆರೋಗ್ಯವಾಗಿರುವ ಎಂಜಿನ್ 17ರಿಂದ 21 ಇಂಚು ಎಳೆಯಬೇಕು. ಟ್ಯಾಪೆಟ್, ಟೈಮಿಂಗ್ ಸರಿ ಮಾಡಿ, ಕಾರ್ಬೊರೇಟರ್ ಕೆಳಗಿನ ಪ್ಯಾಕಿಂಗ್ ಬದಲಿಸಿದ ಮೇಲೆ 18ಕ್ಕೆ ಬಂತು.

ಉಳಿದದ್ದು ಅಪ್ಪನ ಅಭ್ಯಾಸ. ಇಳಿಜಾರು ಬಂದರೆ ಪೆಟ್ರೋಲ್ ಉಳಿಸಲು ಎಂಜಿನ್ ಆಫ್ ಮಾಡಿ ಗಾಡಿ ಬಿಡುವುದು ಅವರ ಐವತ್ತು ವರ್ಷದ ರೂಢಿ. ನಮ್ಮ ಕಡೆ ಹಳೆಯ ಡ್ರೈವರ್‌ಗಳು ಎಷ್ಟೋ ಜನ ಹೀಗೇ ಮಾಡುತ್ತಾರೆ. ದಯವಿಟ್ಟು ಮಾಡಬೇಡಿ. ಎಂಜಿನ್ ನಿಂತರೆ ಬೂಸ್ಟರ್‌ನಲ್ಲಿ ಎರಡು ಮೂರು ಒತ್ತಿಗಾಗುವಷ್ಟು ಶಕ್ತಿ ಮಾತ್ರ ಉಳಿದಿರುತ್ತದೆ. ಆಮೇಲೆ ಪೆಡಲ್ ಕಲ್ಲು. ಗೇರಿನಲ್ಲೇ ಇಳಿಸಿದರೆ ಎಂಜಿನ್ ಜಾಸ್ತಿ ಗಾಳಿ ಹೀರುತ್ತದೆ, ಬ್ರೇಕಿಗೂ ಪೂರ್ತಿ ಬಲ ಸಿಗುತ್ತದೆ. ಇದನ್ನು ಅಪ್ಪನಿಗೆ ಒಪ್ಪಿಸಲು ಮಾತು ಸಾಲಲಿಲ್ಲ. ಮನೆಯ ಮುಂದೆ ನಿಂತ ಗಾಡಿಯಲ್ಲೇ ಎಂಜಿನ್ ಆಫ್ ಮಾಡಿ ಪೆಡಲ್ ಒತ್ತಿಸಿದೆ. ನಾಲ್ಕನೇ ಸಲಕ್ಕೆ ಅವರು ಮೊಣಕಾಲು ಹಿಡಿದುಕೊಂಡರು. "ತಿಳೀತವ್ವ" ಅಂದರು.

ಈಗ ಬೆಳಿಗ್ಗೆ ಶರಣಬಸವೇಶ್ವರ ಗುಡಿಗೆ ಅವರೇ ಓಡಿಸಿಕೊಂಡು ಹೋಗುತ್ತಾರೆ. ಹೊರಡುವ ಮುಂಚೆ ಉಸ್ತಾದ್ ಕಲಿಸಿದ ಪರೀಕ್ಷೆ ತಪ್ಪಿಸುವುದಿಲ್ಲ. ಎಂಜಿನ್ ಹಚ್ಚುವ ಮೊದಲು ಪೆಡಲನ್ನು ಐದು ಸಲ ಒತ್ತುತ್ತಾರೆ. ಐದನೇ ಸಲ ಒತ್ತಿ ಹಿಡಿದೇ ಕೀಲಿ ತಿರುಗಿಸುತ್ತಾರೆ. ಬೂಸ್ಟರ್ ಸರಿ ಇದ್ದರೆ ಪೆಡಲ್ ಕಾಲ ಕೆಳಗೆ ಸ್ವಲ್ಪ ಇಳಿಯಬೇಕು. ನಾನು ಅಡುಗೆಮನೆಯಲ್ಲಿ ಇರುತ್ತೇನೆ. ಅಂಗಳದಿಂದ ಅಪ್ಪನ ದನಿ ಬರುತ್ತದೆ: "ಇಳೀತವ್ವಾ!"