ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಿ

ಕೇಳುಗರಿಗೆ ನಮಸ್ಕಾರ.

ಹೋದ ವಾರ ಹಳೆಯ ಜೊತೆಗಾರರೊಬ್ಬರು ಫೋನ್ ಮಾಡಿದ್ದರು. ಒಂದೇ ರೆಜಿಮೆಂಟಿನಲ್ಲಿದ್ದವರು ನಾವು. ಈಗ ಸೋಮವಾರಪೇಟೆ ಕಡೆ ಸಣ್ಣ ವರ್ಕ್‌ಶಾಪ್ ಇಟ್ಟಿದ್ದಾರೆ. "ಅಣ್ಣಾ, ಕೆಲಸ ಕಮ್ಮಿಯಾಗಿದೆ. ಮಾಜಿ ಸೈನಿಕರಿಗೆ ಸರ್ಕಾರದ ಸಬ್ಸಿಡಿ ಇದೆಯಂತೆ, ಹೌದಾ?" ಅಂತ ಕೇಳಿದರು. ಅದೂ ಇದೂ ಮಾತಾಡಿ, ಕೊನೆಗೆ ಮೆಲ್ಲಗೆ ಹೇಳಿದರು, ಸಾಲದ ಕಂತು ತಪ್ಪಿ 40 ದಿನವಾಯಿತು ಅಂತ.

ಆ ಮೆಲ್ಲನೆಯ ದನಿ ನನಗೆ ಗೊತ್ತು. ನಾನೂ ಸುಂಟಿಕೊಪ್ಪದ ಹತ್ತಿರ ಕಾಫಿ ಪುಡಿ ಮಿಲ್ ಹಾಕಿದ್ದೆ. 2018ರ ಆಗಸ್ಟ್ ಮಳೆಗೆ ಮಕ್ಕಂದೂರು, ಮೊಣ್ಣಂಗೇರಿ, ಜೋಡುಪಾಲದಲ್ಲಿ ಗುಡ್ಡ ಜರಿಯಿತು. ಸಂಪಾಜೆ ರಸ್ತೆ ಮುಚ್ಚಿತು. ಪ್ರವಾಸಿಗರು ಬರಲಿಲ್ಲ, ಪುಡಿ ಡಬ್ಬದಲ್ಲೇ ಉಳಿಯಿತು. ಮನೆ ಕಳೆದುಕೊಂಡವರ ಮುಂದೆ ನನ್ನ ಕಷ್ಟ ಯಾವ ಲೆಕ್ಕ ಅಂತ ಸುಮ್ಮನಿದ್ದೆ. ಬ್ಯಾಂಕಿನಲ್ಲಿ ಹೇಳಿಕೊಳ್ಳಲು ನಾಚಿಕೆ. ಮಿಲ್ಲಿನ ಸಾಲದ ಕಂತು ತಪ್ಪಿ 90 ದಿನ ದಾಟಿತು, ಖಾತೆ ಕೆಟ್ಟ ಸಾಲವಾಯಿತು. ಮೊದಲೇ ಬಂದಿದ್ದರೆ ದಾರಿ ಇತ್ತು ಅಂತ ಬ್ಯಾಂಕಿನವರು ಹೇಳಿದ್ದು ಆಮೇಲೆ.

ಸಬ್ಸಿಡಿ ಇದೆ, ನಿಜ. ಪಿಎಂಇಜಿಪಿ, ಅಂದರೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ ಅಂತ 2008ರಿಂದ ನಡೆಯುತ್ತಿರುವ ಯೋಜನೆ. ಹಳ್ಳಿಯಲ್ಲಿ ಉದ್ಯಮ ಶುರು ಮಾಡುವ ಮಾಜಿ ಸೈನಿಕರಿಗೆ ಶೇಕಡಾ 35, ಪಟ್ಟಣದಲ್ಲಾದರೆ 25. ಕೈಯಿಂದ ಹಾಕಬೇಕಾದ್ದು ಶೇಕಡಾ 5 ಮಾತ್ರ. 10 ಲಕ್ಷದ ಕೆಲಸವಾದರೆ ನಿಮ್ಮದು 50 ಸಾವಿರ, ಸಬ್ಸಿಡಿ ಮೂರೂವರೆ ಲಕ್ಷ. ಆದರೆ ಆ ಹಣ ಕೈಗೆ ಬರುವುದಿಲ್ಲ. 3 ವರ್ಷ ಬ್ಯಾಂಕಿನಲ್ಲೇ ಇದ್ದು, ಆಮೇಲೆ ಸಾಲಕ್ಕೆ ಜಮಾ ಆಗುತ್ತದೆ. ಮತ್ತೆ, ಇದು ಹೊಸ ಘಟಕಕ್ಕೆ. ಹಳೆಯ ಘಟಕ ಬೆಳೆಸಲು ಎರಡನೇ ಸಾಲವೂ ಉಂಟು, ಆದರೆ ಅದಕ್ಕೆ ಲಾಭ ತೋರಿಸಬೇಕು. ಕಷ್ಟದಲ್ಲಿರುವವರು ಲಾಭ ಎಲ್ಲಿಂದ ತೋರಿಸುವುದು? ಈ ನಿಯಮ ಬದಲಾಗಲೇಬೇಕು ಅಂತ ನಾನು ಹೇಳುತ್ತಲೇ ಇರುತ್ತೇನೆ.

ಕಾಫಿ, ಮೆಣಸು, ಜೇನು, ಉಪ್ಪಿನಕಾಯಿ ಮಾಡುವವರು ಪಿಎಂಎಫ್‌ಎಂಇ, ಅಂದರೆ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆ ಬಗ್ಗೆ ವಿಚಾರಿಸಿ. 2020ರಲ್ಲಿ ಶುರುವಾದ ಈ ಯೋಜನೆ ನಡೆಯುತ್ತಿರುವ ಘಟಕಕ್ಕೂ ಅನ್ವಯಿಸುತ್ತದೆ. ಹೊಸ ಯಂತ್ರಕ್ಕೆ ಈ ಯೋಜನೆಯ ಸಬ್ಸಿಡಿ ಶೇಕಡಾ 35.

ನನ್ನ ಜೊತೆಗಾರರಿಗೆ ಇದೆರಡೂ ಆಗುವುದಿಲ್ಲ. ಅವರಿಗೆ ಬೇಕಾದ್ದು ರಿಸರ್ವ್ ಬ್ಯಾಂಕ್ 2016ರ ಮಾರ್ಚ್‌ನಲ್ಲಿ ತಂದ ನಿಯಮ. ಸಣ್ಣ ಉದ್ಯಮ ಮುಗ್ಗರಿಸುವ ಹಾಗೆ ಕಂಡರೆ ಮಾಲೀಕರೇ ಬ್ಯಾಂಕಿಗೆ ಅರ್ಜಿ ಕೊಡಬಹುದು. 10 ಲಕ್ಷದವರೆಗಿನ ಸಾಲವಾದರೆ ಶಾಖೆಯ ಮ್ಯಾನೇಜರೇ ನೋಡಬಹುದು, ಜಾಸ್ತಿಯಾದರೆ ಸಮಿತಿಗೆ ಹೋಗುತ್ತದೆ. ಕಂತಿನ ಅವಧಿ ಬದಲಿಸಿಕೊಡಲು ಅವಕಾಶ ಇದೆ. ಬಾಯಿಮಾತು ಸಾಲದು, ಬರೆದು ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿಲ್ಲದಿದ್ದರೆ ಮಾಡಿಸಿ. ಅದಕ್ಕೆ ಶುಲ್ಕವೇ ಇಲ್ಲ, ಯಾರಿಗೂ ದುಡ್ಡು ಕೊಡಬೇಡಿ. ಮಾಜಿ ಸೈನಿಕರ ಗುರುತಿನ ಚೀಟಿ ಕಳೆದಿದ್ದರೆ ಮಡಿಕೇರಿಯ ಸೈನಿಕ ಕಲ್ಯಾಣ ಕಚೇರಿಯಲ್ಲಿ ಕೇಳಿ.

ಗಡಿಯಲ್ಲಿ ಗುಂಡಿನ ಮುಂದೆ ನಿಂತವರಿಗೆ ಬ್ಯಾಂಕಿನ ಮೇಜಿನ ಮುಂದೆ ಕೂರುವುದು ಕಷ್ಟ. ಅದು ನನಗೆ ಗೊತ್ತು. ಅದಕ್ಕೇ ಜೊತೆಗಾರರಿಗೆ ಹೇಳಿದ್ದೇನೆ: ಸೋಮವಾರ ಬೆಳಿಗ್ಗೆ ಪಾಸ್‌ಪುಸ್ತಕ, ಸಾಲದ ಕಾಗದ, ಡಿಸ್ಚಾರ್ಜ್ ಬುಕ್ ತಗೊಂಡು ಬನ್ನಿ. ನಾನೂ ಬರುತ್ತೇನೆ, ಒಟ್ಟಿಗೇ ಒಳಗೆ ಹೋಗೋಣ.