ಮೊದಲು ನಂಬರ್ ಹುಡುಕಿ, ಹೆಸರು ಆಮೇಲೆ

ಎಲ್ಲರಿಗೂ ನಮಸ್ಕಾರ.

ಕರಪತ್ರದಲ್ಲಿ ನನ್ನ ವಿಷಯವನ್ನು ‘ಎರಡನೇ ಮಹಾಯುದ್ಧ ಮತ್ತು ನೌಕಾಪಡೆ ದಾಖಲೆಗಳು’ ಅಂತ ದೊಡ್ಡದಾಗಿ ಹಾಕಿದ್ದಾರೆ. ನನಗೆ ಅದರಲ್ಲಿ ಮುಖ್ಯವಾಗಿ ಒಂದೇ ಮಾತು ಹೇಳಬೇಕಾಗಿದೆ. ನಿಮ್ಮ ತಾತನೋ ದೊಡ್ಡಪ್ಪನೋ ಯುದ್ಧದ ಕಾಲದಲ್ಲಿ ನೇವಿಯಲ್ಲಿದ್ದರೆ, ದಾಖಲೆಯನ್ನು ಹೆಸರು ಹಿಡಿದು ಹುಡುಕಬೇಡಿ. ಸರ್ವೀಸ್ ನಂಬರ್, ಅಂದರೆ ಪಡೆಗೆ ಸೇರಿದಾಗ ಅವರಿಗೆ ಕೊಟ್ಟ ನಂಬರ್ ಹಿಡಿದು ಹುಡುಕಿ. ಆ ನಂಬರ್ ಇರುವುದು ನಿಮ್ಮ ಮನೆಯಲ್ಲೇ, ಲಂಡನ್ನಿನಲ್ಲಲ್ಲ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಆಗಿನ ಗುಮಾಸ್ತರು ನಮ್ಮ ಹೆಸರುಗಳನ್ನು ಕಿವಿಗೆ ಬಿದ್ದ ಹಾಗೆ ಬರೆದುಕೊಂಡರು. ಕೃಷ್ಣಾ ನದಿಯ ಹೆಸರಿಟ್ಟ ಯುದ್ಧನೌಕೆಯನ್ನೇ ‘ಕಿಸ್ಟ್ನಾ’ ಅಂತ ಬರೆದವರು ಅವರು. ನದಿಗೇ ಹೀಗಾದರೆ ಹತ್ತೊಂಬತ್ತು ವರ್ಷದ ಕೃಷ್ಣಪ್ಪನ ಗತಿ ಏನು ಹೇಳಿ! ಇನಿಶಿಯಲ್ ಒಂದು ಕಡೆ ಅಪ್ಪನ ಹೆಸರಾಗಿರುತ್ತದೆ, ಇನ್ನೊಂದು ಕಡೆ ಊರಿನ ಹೆಸರಾಗಿರುತ್ತದೆ. ನಂಬರ್ ಮಾತ್ರ ಬದಲಾಗುವುದಿಲ್ಲ.

ಹಿನ್ನೆಲೆ ನಿಮಗೆಲ್ಲ ಗೊತ್ತೇ ಇದೆ. ಬ್ರಿಟಿಷರ ಕಾಲದ ಭಾರತದ ನೌಕಾಪಡೆಗೆ ರಾಯಲ್ ಇಂಡಿಯನ್ ನೇವಿ ಅಂತ ಹೆಸರು ಬಂದದ್ದು 1934ರಲ್ಲಿ. 1939ರಲ್ಲಿ ಯುದ್ಧ ಶುರುವಾದಾಗ ಅದು ಪುಟ್ಟ ಪಡೆ. ಎರಡು ಸಾವಿರ ಜನವೂ ಇರಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಇಪ್ಪತ್ತೈದು ಸಾವಿರ ದಾಟಿತ್ತು. ಮೊದಲು ಹೆಚ್ಚಾಗಿ ರತ್ನಗಿರಿ ಕಡೆಯವರು, ಪಂಜಾಬಿನವರು ಸೇರುತ್ತಿದ್ದರು. ಯುದ್ಧ ಬಂದ ಮೇಲೆ ದಕ್ಷಿಣದ ಹುಡುಗರು ದಂಡಿಯಾಗಿ ಸೇರಿದರು. ಈ ಸಭೆಯಲ್ಲಿ ಇಷ್ಟು ಜನ ಕೂತಿರುವುದಕ್ಕೂ ಅದೇ ಕಾರಣ.

ಈಗ ನಮ್ಮ ದೊಡ್ಡಪ್ಪನ ಕಥೆ ಹೇಳಬೇಕು. ನಮ್ಮ ಮನೆಯಲ್ಲಿ ಒಂದು ಮಾತು ಗಟ್ಟಿಯಾಗಿ ಬೇರೂರಿತ್ತು. ‘ಅಣ್ಣ ತಲ್ವಾರ್ ಹಡಗಿನಲ್ಲಿ ಏಳು ಸಮುದ್ರ ಸುತ್ತಿದ’ ಅಂತ ನಮ್ಮ ಅತ್ತೆ ಮಕ್ಕಳನ್ನೆಲ್ಲ ಕೂರಿಸಿಕೊಂಡು ಹೇಳುತ್ತಿದ್ದರು. ಅಲೆ ಎಷ್ಟೆತ್ತರ ಏಳುತ್ತಿತ್ತು, ಹಡಗು ಹೇಗೆ ಓಲಾಡುತ್ತಿತ್ತು, ಎಲ್ಲ ವಿವರವಾಗಿ. ದೊಡ್ಡಪ್ಪ ತೀರಿಕೊಂಡು ಎಷ್ಟೋ ವರ್ಷ ಆದ ಮೇಲೆ ಅವರ ಟ್ರಂಕಿನ ತಳದಲ್ಲಿ, ಹಳೇ ಪಂಚಾಂಗದ ಮಡಿಕೆಯಲ್ಲಿ ಸರ್ವೀಸ್ ಸರ್ಟಿಫಿಕೇಟ್ ಸಿಕ್ಕಿತು. ಮೇಲ್ಗಡೆ ನಂಬರ್. ಅದರ ಕೆಳಗೆ ಎತ್ತರ, ಎದೆಯ ಸುತ್ತಳತೆ, ಕಣ್ಣಿನ ಬಣ್ಣ. ಗುರುತಿನ ಚಿಹ್ನೆ ಅನ್ನುವ ಕಡೆ ‘ಎಡ ಮೊಣಕಾಲಿನ ಮೇಲೆ ಗಾಯದ ಕಲೆ’. ಅತ್ತೆ ತಕ್ಷಣ ‘ಹೌದು, ಹುಣಸೆಮರದಿಂದ ಬಿದ್ದಿದ್ದ’ ಅಂದರು. ಕೆಳಗಿನ ಕೋಷ್ಟಕದಲ್ಲಿ ಹಡಗಿನ ಹೆಸರು, ದರ್ಜೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ. ತಲ್ವಾರ್ ಅಂತ ಇತ್ತು, ನಿಜ.

ಆದರೆ ಎಚ್‌ಎಂಐಎಸ್ (ಅಂದರೆ ಬ್ರಿಟಿಷ್ ದೊರೆಯ ಭಾರತೀಯ ಹಡಗು) ತಲ್ವಾರ್ ತೇಲುವ ಹಡಗೇ ಅಲ್ಲ! ಅದು ಬೊಂಬಾಯಿಯ ಕೊಲಾಬಾದಲ್ಲಿ, ನೆಲದ ಮೇಲೆ ಇದ್ದ ಸಿಗ್ನಲ್ ಶಾಲೆ, ಸಂದೇಶ ಕಳಿಸುವುದನ್ನು ಕಲಿಸುವ ಜಾಗ. ನೌಕಾಪಡೆಯಲ್ಲಿ ದಡದ ತರಬೇತಿ ಕೇಂದ್ರಗಳಿಗೂ ಹಡಗಿನ ಹೆಸರೇ ಇಡುತ್ತಾರೆ. ಬಹದ್ದೂರ್ ಇದ್ದದ್ದು ಕರಾಚಿಯಲ್ಲಿ, ಹುಡುಗರ ತರಬೇತಿಗೆ. ಹಿಮಾಲಯ ಕೂಡ ಕರಾಚಿಯಲ್ಲೇ, ಅದು ಫಿರಂಗಿ ಶಾಲೆ. ಶಿವಾಜಿ ಇರುವುದು ಲೋಣಾವಳದ ಘಟ್ಟದ ಮೇಲೆ. ಆ ‘ಹಡಗಿ’ನಿಂದ ಸಮುದ್ರ ಕಾಣುವುದೂ ಇಲ್ಲ. ಸರ್ಟಿಫಿಕೇಟ್‌ನಲ್ಲಿ ಹಡಗಿನ ಹೆಸರು ಕಂಡ ಕೂಡಲೇ ಅದು ನೀರಿನದೋ ನೆಲದ್ದೋ ಅಂತ ಮೊದಲು ನೋಡಿ. ಇಲ್ಲದಿದ್ದರೆ ಇಲ್ಲದ ಹಡಗಿನ ಲಾಗ್ ಬುಕ್ ಹುಡುಕುತ್ತಾ ವರ್ಷ ಕಳೆಯುತ್ತೀರಿ.

ಅತ್ತೆ ಒಪ್ಪಲೇ ಇಲ್ಲ. ‘ಹಾಗಾದ್ರೆ ಅಲೆ?’ ಅಂದರು. ಅಲೆಯೂ ಇತ್ತು. ಕೋಷ್ಟಕದ ಮುಂದಿನ ಸಾಲಿನಲ್ಲಿ ಕಾವೇರಿ ಅಂತ ಇತ್ತು. ಎಚ್‌ಎಂಐಎಸ್ ಕಾವೇರಿ ನಿಜವಾದ ಯುದ್ಧನೌಕೆ. 1943ರಲ್ಲಿ ಸೇವೆಗೆ ಬಂದ ಸ್ಲೂಪ್, ಅಂದರೆ ಬೇರೆ ಹಡಗುಗಳಿಗೆ ಕಾವಲು ಹೋಗುವ ಸಣ್ಣ ಯುದ್ಧನೌಕೆ. ನಮ್ಮ ನದಿಯ ಹೆಸರಿನ ಹಡಗಿನಲ್ಲಿ ದೊಡ್ಡಪ್ಪ ಟೆಲಿಗ್ರಾಫಿಸ್ಟ್ ಆಗಿದ್ದರು ಅಂತ ಮನೆಯವರಿಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಊಟ ಬಡಿಸುವುದು ತಡವಾದರೆ ಅವರು ಬೆರಳಿನಿಂದ ತಟ್ಟೆ ಕುಟ್ಟುತ್ತಿದ್ದರಲ್ಲ, ಅದು ಮೋರ್ಸ್ ತಂತಿ ಸಂಕೇತ ಇರಬೇಕು ಅಂತ ನಮ್ಮ ಅಪ್ಪ ಈಗಲೂ ವಾದಿಸುತ್ತಾರೆ. ಇರಬಹುದು. ಅದಕ್ಕೆ ಮಾತ್ರ ದಾಖಲೆ ಸಿಗುವುದಿಲ್ಲ.

ತಲ್ವಾರ್ ಅಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಒಂದಿದೆ. ‘ನಮ್ಮ ತಾತ ನಲವತ್ತಾರರ ದಂಗೆಯಲ್ಲಿ ಇದ್ರಾ ಸಾರ್?’ ನಾವಿಕರ ಆ ಮುಷ್ಕರ ತಲ್ವಾರ್‌ನಲ್ಲೇ ಶುರುವಾಯಿತು, 1946ರ ಫೆಬ್ರವರಿ 18ರಂದು. ಊಟ ಚೆನ್ನಾಗಿಲ್ಲ, ಅಧಿಕಾರಿಗಳು ಬಾಯಿಗೆ ಬಂದಂತೆ ಬೈಯುತ್ತಾರೆ ಅನ್ನುವ ಸಿಟ್ಟಿನಿಂದ ಹತ್ತಿಕೊಂಡದ್ದು, ಕರಾಚಿವರೆಗೂ ಹಬ್ಬಿತು. 23ನೇ ತಾರೀಖು ಸರ್ದಾರ್ ಪಟೇಲರ ಸಲಹೆ ಕೇಳಿ ಮುಗಿಸಿದರು. ಆ ಹುಡುಗರ ಬಗ್ಗೆ ನನಗೆ ಅಪಾರ ಗೌರವ. ಅದಕ್ಕೇ ಹೇಳುತ್ತೇನೆ, ಸುಮ್ನೆ ‘ಇದ್ದರು’ ಅಂದುಕೊಂಡು ಬಿಡಬೇಡಿ. ತಾರೀಖಿನ ಸಾಲು ನೋಡಿ. ಫೆಬ್ರವರಿ 18ಕ್ಕೆ ಅವರು ಯಾವ ಹಡಗಿನಲ್ಲಿದ್ದರು? ಅಷ್ಟೊತ್ತಿಗೆ ಬಿಡುಗಡೆ ಆಗಿತ್ತಾ? ಬಿಡುಗಡೆಯ ಕಾರಣ ಅನ್ನುವ ಕಡೆ ಏನಿದೆ? ಬ್ರಿಟಿಷ್ ನೌಕಾಪಡೆಯ ಸರ್ಟಿಫಿಕೇಟ್‌ನಲ್ಲಿ ಒಂದು ಕ್ರೂರ ಪದ್ಧತಿ ಇತ್ತು. ಕೆಟ್ಟ ನಡತೆ ಅಂತ ಹೊರಗೆ ಹಾಕಿದರೆ ಕಾಗದದ ಮೂಲೆಯನ್ನೇ ಕತ್ತರಿಸಿ ಕೊಡುತ್ತಿದ್ದರು. ಓದು ಬಾರದವನಿಗೂ ನೋಡಿದರೆ ಗೊತ್ತಾಗಲಿ ಅನ್ನುವ ಹಾಗೆ. ಹಳೇ ಕಾಗದಗಳಲ್ಲಿ ಗೆದ್ದಲು ತಿಂದ ಮೂಲೆ ಯಾವುದು, ಕತ್ತರಿ ಹಾಕಿದ ಮೂಲೆ ಯಾವುದು ಅಂತ ಗಮನಿಸಿ.

ಇನ್ನು ಲಂಡನ್ ವಿಷಯ. ಅಲ್ಲಿನ ನ್ಯಾಷನಲ್ ಆರ್ಕೈವ್ಸ್ ಇರುವುದು ಕ್ಯೂ ಅನ್ನುವ ಕಡೆ. ಬ್ರಿಟನ್ನಿನ ರಕ್ಷಣಾ ಇಲಾಖೆ 2022ರಿಂದ ಸೈನಿಕರ ಹಳೇ ಕಡತಗಳನ್ನು ಅಲ್ಲಿಗೆ ಕಳಿಸುತ್ತಿದೆ. ಆ ಸುದ್ದಿ ಓದಿ ನಮ್ಮವರು ತುಂಬಾ ಜನ ದುಡ್ಡು ಕಟ್ಟಿ ಅರ್ಜಿ ಹಾಕಿದ್ದಾರೆ. ಆದರೆ ಅವು ಬ್ರಿಟನ್ನಿನ ಪಡೆಗಳ ಕಡತಗಳು. ನಮ್ಮ ನಾವಿಕರು ಭಾರತ ಸರ್ಕಾರದ ನೌಕರರು, ಅಲ್ವಾ? ಲಂಡನ್ನಿನಲ್ಲಿ ನಮ್ಮ ಕೆಲಸಕ್ಕೆ ಬರುವುದು ಬ್ರಿಟಿಷ್ ಲೈಬ್ರರಿಯಲ್ಲಿರುವ, ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಇಂಡಿಯಾ ಆಫೀಸ್ ಇಲಾಖೆಯ ದಾಖಲೆಗಳು. ಅದೂ ಅಧಿಕಾರಿಗಳಾಗಿದ್ದವರಿಗೆ ಜಾಸ್ತಿ. ನಾವಿಕರ ದಾಖಲೆಗೆ ಮುಂಬೈ ಮಾನ್‌ಖುರ್ದ್‌ನ ಚೀತಾ ಕ್ಯಾಂಪ್‌ನಲ್ಲಿ ನೌಕಾಪಡೆಯ ಬ್ಯೂರೋ ಆಫ್ ಸೇಲರ್ಸ್ ಇದೆ. ಬರೆಯುವುದಾದರೆ ಅಲ್ಲಿಗೆ ಬರೆಯಿರಿ. ಅವರೂ ಮೊದಲು ಕೇಳುವುದು ನಂಬರನ್ನೇ!

ನಂಬರ್ ಇಲ್ಲದವರು ಪದಕ ಇದ್ದರೆ ತೆಗೆದು ನೋಡಿ. ಬ್ರಿಟಿಷರು ತಮ್ಮವರಿಗೆ ಆ ಯುದ್ಧದ ಪದಕಗಳನ್ನು ಹೆಸರಿಲ್ಲದೆ ಕೊಟ್ಟರು. ನಮ್ಮವರಿಗೆ ಕೊಟ್ಟವುಗಳಲ್ಲಿ ಹಲವಕ್ಕೆ ನಂಬರ್, ಹೆಸರು ಒತ್ತಿರುತ್ತಾರೆ. ಗುಂಡಗಿರುವುದಾದರೆ ಅಂಚಿನಲ್ಲಿ, ನಕ್ಷತ್ರದ ಆಕಾರದ್ದಾದರೆ ಹಿಂಬದಿಯಲ್ಲಿ. ಭೂತಗನ್ನಡಿ ಹಿಡಿದು, ದೀಪಕ್ಕೆ ಓರೆಯಾಗಿ ತಿರುಗಿಸಿ ನೋಡಿ. ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ! ಅಕ್ಷರ ಸವೆದು ಹೋಗುತ್ತದೆ.

ಅಧ್ಯಕ್ಷರಿಂದ ಚೀಟಿ ಬಂದಿದೆ, ಬೇಗ ಮುಗಿಸುತ್ತೇನೆ. ಬೆಂಗಾಲ್ ಹಡಗಿನ ವಿಷಯ ಮಾತ್ರ ಹೇಳದೆ ಇಳಿಯುವುದಿಲ್ಲ. 1942ರ ನವೆಂಬರ್ 11. ನಮ್ಮ ನೌಕಾಪಡೆಯ ಸುಮಾರು 700 ಟನ್ನಿನ ಪುಟ್ಟ ಹಡಗು ಬೆಂಗಾಲ್, ಒಂದಿನಾ ಅನ್ನುವ ಡಚ್ ತೈಲ ಹಡಗಿಗೆ ಕಾವಲಾಗಿ ಹಿಂದೂ ಮಹಾಸಾಗರದಲ್ಲಿ ಹೋಗುತ್ತಿತ್ತು. ಎದುರಿಗೆ ಬಂದವು ಎರಡು ಜಪಾನಿ ಹಡಗು, ಒಂದೊಂದೂ 10,000 ಟನ್ ಮೇಲೆ. ಬೆಂಗಾಲ್‌ಗೆ ಇದ್ದದ್ದು ಒಂದೇ ದೊಡ್ಡ ತೋಪು. ಓಡಲು ನೋಡಬಹುದಿತ್ತು. ಆದರೆ ನೇರ ಅವುಗಳ ಮೇಲೇ ನುಗ್ಗಿತು. ಆ ಜಪಾನಿ ಹಡಗುಗಳಲ್ಲಿ ಒಂದಾದ ಹೊಕೊಕು ಮಾರು ಸ್ಫೋಟಗೊಂಡು ಮುಳುಗಿತು. ತಗುಲಿದ್ದು ಬೆಂಗಾಲ್‌ನ ಗುಂಡೋ ಒಂದಿನಾದ್ದೋ ಅಂತ ಇವತ್ತಿಗೂ ವಾದ ನಡೆಯುತ್ತದೆ. ಬೆಂಗಾಲ್, ಒಂದಿನಾ ಎರಡೂ ಉಳಿದುಕೊಂಡವು. ಅಲ್ಲಿ ತೋಪಿಗೆ ಗುಂಡು ತುಂಬಿದ ಹುಡುಗರ ಮನೆಯವರಿಗೆ ಇದು ಗೊತ್ತಿದೆಯಾ? ನನಗೆ ರಾತ್ರಿ ನಿದ್ದೆ ಕೆಡಿಸುವ ಪ್ರಶ್ನೆ ಇದು. ಪ್ರಶಸ್ತಿ ಬಂದವರ ಹೆಸರು ಬ್ರಿಟನ್ ಸರ್ಕಾರದ ಅಧಿಕೃತ ಪತ್ರಿಕೆ ಲಂಡನ್ ಗೆಜೆಟ್‌ನಲ್ಲಿ ಸಿಗುತ್ತದೆ, ಆನ್‌ಲೈನ್‌ನಲ್ಲಿ ಪುಕ್ಕಟೆ. ಪ್ರಶಸ್ತಿ ಬಾರದವರ ಹೆಸರು ಅವರ ಟ್ರಂಕಿನಲ್ಲಿ ಮಾತ್ರ ಇರುತ್ತದೆ.

ಉಳಿದದ್ದು ಓಡೋಡುತ್ತಾ ಹೇಳುತ್ತೇನೆ. ಯುದ್ಧದಲ್ಲಿ ತೀರಿಕೊಂಡವರಿಗೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ವೆಬ್‌ಸೈಟ್ ನೋಡಿ. ಸಮಾಧಿ ಇಲ್ಲದೆ ಸಮುದ್ರದಲ್ಲೇ ಉಳಿದ 400ಕ್ಕೂ ಹೆಚ್ಚು ನೌಕಾಪಡೆಯವರು, ಸುಮಾರು 6,000 ವ್ಯಾಪಾರಿ ಹಡಗಿನವರು, ಇವರ ಹೆಸರುಗಳು ಅಲ್ಲಿ ಮುಂಬೈ ಮತ್ತು ಚಿತ್ತಗಾಂಗ್ ಸ್ಮಾರಕಗಳ ಹೆಸರಿನಡಿ ಸಿಗುತ್ತವೆ. ಈ ಎರಡು ಅಂಕಿ ನೋಡಿ. ಮನೆಯಲ್ಲಿ ‘ನೇವಿ’ ಅಂದದ್ದು ವ್ಯಾಪಾರಿ ಹಡಗೂ ಆಗಿರಬಹುದು. ಅದರ ದಾಖಲೆಗಳೇ ಬೇರೆ, ದಾರಿಯೂ ಬೇರೆ. ಹಾಗೇ ಅಜ್ಜಿಯರನ್ನೂ ಮರೆಯಬೇಡಿ. 1944ರಿಂದ ನೌಕಾಪಡೆಯಲ್ಲಿ ಮಹಿಳಾ ವಿಭಾಗ ಇತ್ತು. ದೇಶ ಭಾಗವಾದಾಗ ಹಡಗುಗಳೂ ಭಾಗವಾದವು. ನರ್ಬದಾ, ಗೋದಾವರಿ ಎರಡೂ ಪಾಕಿಸ್ತಾನಕ್ಕೆ ಹೋದವು, ಕಾವೇರಿ ನಮ್ಮಲ್ಲೇ ಉಳಿಯಿತು. ಅದರ ಬಗ್ಗೆ ಹೇಳಲು ಹೊರಟರೆ ಇನ್ನೊಂದು ಗಂಟೆ ಬೇಕು.

ಅರ್ಜಿ ಬರೆಯುವವರು ಮರಣ ಪ್ರಮಾಣಪತ್ರದ ಪ್ರತಿ ಇಡಿ, ನಿಮಗೂ ಅವರಿಗೂ ಏನು ಸಂಬಂಧ ಅಂತ ತೋರಿಸುವ ಕಾಗದ ಇಡಿ. ಮೊದಲ ಸಾಲಿನಲ್ಲೇ ನಂಬರ್ ಬರೆಯಿರಿ. ಪದಕ ತಂದಿರುವವರು ಬಲಗಡೆ ಕಿಟಕಿ ಹತ್ತಿರದ ಮೇಜಿಗೆ ಬನ್ನಿ. ಭೂತಗನ್ನಡಿ ತಂದಿದ್ದೇನೆ, ಒಟ್ಟಿಗೆ ಕೂತು ಓದೋಣ.