ಮುಂದಿನ ಆರ್‌ಪಿಜಿ ಯಾವುದು? ಆರಿಸುವ ಮೊದಲು ನೋಡಬೇಕಾದ್ದು
ಉಡುಪಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಮಂಗಳೂರು, ಮಣಿಪಾಲ, ಕುಂದಾಪುರದಿಂದ ಬಂದಿದ್ದೀರಿ, ಸಂತೋಷ. ಪೀಠಿಕೆ ಬೇಡ, ನೇರ ವಿಷಯಕ್ಕೇ ಬರೋಣ.

ದೊಡ್ಡದೊಂದು ಆರ್‌ಪಿಜಿ, ಅಂದರೆ ಒಂದು ಪಾತ್ರ ಕಟ್ಟಿ ಬೆಳೆಸುತ್ತಾ ಕಥೆಯೊಳಗೆ ಆಡುವ ಕಂಪ್ಯೂಟರ್ ಗೇಮ್, ಮುಗಿಸಿದವರು ಮರುದಿನವೇ ಕೇಳುವುದು ‘ಇನ್ನು ಯಾವುದು ಆಡಲಿ?’ ಎಂದು. ಅವರಿಗೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದು ‘ಅತ್ಯುತ್ತಮ’ ಪಟ್ಟಿ. ಪಟ್ಟಿಯಲ್ಲಿರುವ ಗೇಮ್‌ಗಳು ಒಳ್ಳೆಯವೇ. ತೊಂದರೆ ಏನೆಂದರೆ ಡಿಸ್ಕೊ ಎಲಿಸಿಯಂ ಮತ್ತು ಪಾತ್‌ಫೈಂಡರ್: ಕಿಂಗ್‌ಮೇಕರ್ ಎರಡೂ ಅಲ್ಲಿ ಅಕ್ಕಪಕ್ಕ ಕೂತಿರುತ್ತವೆ. ಮೊದಲನೆಯದರಲ್ಲಿ ಕಾದಾಟದ ವ್ಯವಸ್ಥೆಯೇ ಇಲ್ಲ, ಇಡೀ ಗೇಮ್ ಮಾತು. ಎರಡನೆಯದರಲ್ಲಿ ಕಾದಾಟದ ತಯಾರಿಗೇ ಗಂಟೆಗಟ್ಟಲೆ ಹೋಗುತ್ತದೆ. ಒಂದನ್ನು ಮೆಚ್ಚಿದವರು ಇನ್ನೊಂದನ್ನು ಮೂರನೇ ದಿನಕ್ಕೆ ಕೈಬಿಡುವುದು ತೀರಾ ಸಹಜ.

ಆದ್ದರಿಂದ ನಾವು ಹೇಳುವುದು ಇಷ್ಟೆ. ಗೇಮ್‌ನ ಹತ್ತನೆಯ ಗಂಟೆಯಲ್ಲಿ ನಿಮಗೆ ಏನು ಕೆಲಸ ಇರುತ್ತದೆ ಎಂದು ನೋಡಿ ಆರಿಸಿ. ಟ್ರೇಲರ್ ನೋಡಬೇಡಿ, ಮೊದಲ ಗಂಟೆಯನ್ನೂ ನಂಬಬೇಡಿ. ತಯಾರಕರು ಅತಿ ಹೆಚ್ಚು ತಿದ್ದಿ ತೀಡುವುದು ಆ ಮೊದಲ ಗಂಟೆಯನ್ನೇ. ಯೂಟ್ಯೂಬ್‌ನಲ್ಲಿ ಯಾರಾದರೂ ಪೂರ್ತಿ ಆಡಿದ ವಿಡಿಯೋ ಸರಣಿ ಇದ್ದರೆ ಹತ್ತನೆಯ ಗಂಟೆ ಬರುವಲ್ಲಿಗೆ ಹೋಗಿ ಇಪ್ಪತ್ತು ನಿಮಿಷ ನೋಡಿ. ಆಡುವವರು ಏನು ಮಾಡುತ್ತಿದ್ದಾರೆ? ಓದುತ್ತಿದ್ದಾರೋ, ಸಾಮಾನಿನ ಚೀಲ ಜೋಡಿಸುತ್ತಿದ್ದಾರೋ, ನಕ್ಷೆಯಲ್ಲಿ ಅಲೆಯುತ್ತಿದ್ದಾರೋ, ಒಂದೇ ಕಾದಾಟವನ್ನು ಮತ್ತೆ ಮತ್ತೆ ಲೋಡ್ ಮಾಡುತ್ತಿದ್ದಾರೋ? ಅದೇ ಕೆಲಸವನ್ನು ಇನ್ನು ಐವತ್ತು ಗಂಟೆ ನೀವು ಮಾಡಬೇಕು. ಕಥೆ ತಿಳಿದುಬಿಡುತ್ತದೆ ಎಂಬ ಭಯ ಇದ್ದರೆ ಧ್ವನಿ ಬಂದ್ ಮಾಡಿ ನೋಡಿ, ಸಾಕು.

ಜೊತೆಗೆ, ಹಿಂದಿನ ಗೇಮ್‌ನಲ್ಲಿ ನೀವು ಎಲ್ಲಿ ಸ್ಕಿಪ್ ಒತ್ತಿದಿರಿ ಎಂಬುದನ್ನು ನೆನಪು ಮಾಡಿಕೊಳ್ಳಿ. ಇಷ್ಟವಾದದ್ದನ್ನು ಹೇಳುವಾಗ ಎಲ್ಲರೂ ‘ಕಥೆ’ ಎನ್ನುತ್ತಾರೆ. ಬೆರಳು ಎಲ್ಲಿ ಸ್ಕಿಪ್‌ಗೆ ಹೋಯಿತು ಎಂಬುದು ಹೆಚ್ಚು ಸತ್ಯ ಹೇಳುತ್ತದೆ.

ಈಗ ಒಳಗಿನ ಲೆಕ್ಕಕ್ಕೆ ಬರೋಣ. ಜನ ಎಡವುವುದು ಅಲ್ಲೇ. ಬಾಲ್ಡರ್ಸ್ ಗೇಟ್ 3 ಮುಗಿಸಿದವರ ಕಣ್ಣಿಗೆ ಮೊದಲು ಬೀಳುವುದು ಅದೇ ಲಾರಿಯನ್ ಸ್ಟುಡಿಯೋಸ್‌ನ 2017ರ ಡಿವಿನಿಟಿ: ಒರಿಜಿನಲ್ ಸಿನ್ 2. ಹೊರನೋಟಕ್ಕೆ ಎರಡೂ ಒಂದೇ ಮನೆಯವು. ಆದರೆ ಬಾಲ್ಡರ್ಸ್ ಗೇಟ್ 3ರಲ್ಲಿ ಏಟು ತಾಗಿತೋ ಇಲ್ಲವೋ ಎಂದು 20 ಮುಖದ ದಾಳ ಹೇಳುತ್ತದೆ. ಡಿವಿನಿಟಿಯಲ್ಲಿ ಏಟು ಬಹುತೇಕ ತಾಗಿಯೇ ತಾಗುತ್ತದೆ. ಅದರ ಬದಲು ಜೀವದ ಮೇಲೆ ಎರಡು ಕವಚ ಇರುತ್ತವೆ, ಒಂದು ದೈಹಿಕ, ಇನ್ನೊಂದು ಮಾಂತ್ರಿಕ. ಶತ್ರುವನ್ನು ನೆಲಕ್ಕೆ ಕೆಡವಬೇಕಾದರೆ ದೈಹಿಕ ಕವಚ ಸೊನ್ನೆಗೆ ಬರಬೇಕು. ಹೆಪ್ಪುಗಟ್ಟಿಸಬೇಕಾದರೆ ಮಾಂತ್ರಿಕ ಕವಚ ಸೊನ್ನೆಗೆ ಬರಬೇಕು.

ಒಂದು ಲೆಕ್ಕ ಹಾಕಿ ನೋಡೋಣ. ಶತ್ರುವಿಗೆ ದೈಹಿಕ ಕವಚ 60, ಮಾಂತ್ರಿಕ ಕವಚ 60, ಜೀವ 100 ಎಂದಿಟ್ಟುಕೊಳ್ಳಿ. ನಿಮ್ಮ ನಾಲ್ವರಲ್ಲಿ ಒಬ್ಬೊಬ್ಬರ ಏಟು 30. ನಾಲ್ವರೂ ದೈಹಿಕ ಏಟಿನವರಾದರೆ ಮೊದಲ ಇಬ್ಬರು ಕವಚ ಒಡೆಯುತ್ತಾರೆ, ಮೂರನೆಯವರು ಕೆಡವುತ್ತಾರೆ, ಸುತ್ತು ಮುಗಿಯುವಾಗ ಜೀವದಲ್ಲಿ 60 ಹೋಗಿರುತ್ತದೆ. ಇಬ್ಬರು ಕತ್ತಿ, ಇಬ್ಬರು ಮಂತ್ರ ಎಂದು ‘ಸಮತೋಲನ’ ಮಾಡಿದಿರೋ, ಸುತ್ತು ಮುಗಿಯುವಾಗ ಎರಡೂ ಕವಚ ಒಡೆದಿರುತ್ತವೆ, ಜೀವ 100ಕ್ಕೆ 100 ಹಾಗೇ ಇರುತ್ತದೆ, ಶತ್ರು ಎದ್ದು ನಿಂತು ತಿರುಗಿ ಹೊಡೆಯುತ್ತಾನೆ. ಗುಂಪಿನಲ್ಲಿ ಎಲ್ಲ ಬಗೆಯವರೂ ಇರಬೇಕು ಎಂದು ಬೇರೆ ಗೇಮ್‌ಗಳಲ್ಲಿ ಕಲಿತ ಪಾಠವೇ ಇಲ್ಲಿ ಕಾಲಿಗೆ ತೊಡರುತ್ತದೆ. ಮೊದಲ ಸಲ ಆಡುವವರು ನಾಲ್ವರನ್ನೂ ಅಥವಾ ಮೂವರನ್ನಾದರೂ ಒಂದೇ ಬಗೆಯ ಏಟಿಗೆ ಇಟ್ಟುಕೊಳ್ಳಿ. ನಿಮಗಿಂತ ಎರಡು ಲೆವೆಲ್ ಮೇಲಿನ ಶತ್ರುವಿನ ತಂಟೆಗೆ ಹೋಗಬೇಡಿ, ಒಂದೊಂದು ಲೆವೆಲ್‌ಗೂ ಅಂಕಿಗಳು ಬಹಳ ಏರುತ್ತವೆ. ಗುಂಪು ಕೆಟ್ಟಿತು ಎನಿಸಿದರೆ ಮೊದಲ ದ್ವೀಪ ದಾಟಿದ ಮೇಲೆ ಹಡಗಿನಲ್ಲಿ ಒಂದು ಕನ್ನಡಿ ಸಿಗುತ್ತದೆ, ಅಲ್ಲಿ ಎಲ್ಲರ ಸಾಮರ್ಥ್ಯಗಳಿಗೆ ಹಾಕಿದ ಪಾಯಿಂಟ್‌ಗಳನ್ನೂ ಪುಕ್ಕಟೆ ಬದಲಿಸಬಹುದು. ಆದ್ದರಿಂದ ಮೊದಲಿಂದ ಶುರು ಮಾಡುವುದು ಬೇಡವೇ ಬೇಡ.

ಔಲ್‌ಕ್ಯಾಟ್ ಸ್ಟುಡಿಯೋದವರ ಪಾತ್‌ಫೈಂಡರ್: ಕಿಂಗ್‌ಮೇಕರ್ 2018ರದ್ದು, ಅದರ ನಂತರದ ರಾತ್ ಆಫ್ ದಿ ರೈಚಸ್ 2021ರದ್ದು. ಪಾತ್ರ ಕಟ್ಟುವುದರಲ್ಲೇ ಸುಖ ಕಾಣುವವರಿಗೆ ಇವುಗಳಷ್ಟು ಆಳದ ಗೇಮ್ ಕಡಿಮೆ. ಆದರೆ ಕಿಂಗ್‌ಮೇಕರ್‌ನಲ್ಲಿ ಶುರುವಿನಲ್ಲೇ ಒಂದು ಗುಹೆ ಉಂಟು, ಫ್ಯಾಂಗ್‌ಬೆರಿ ಹಣ್ಣು ತರಲು ಹೋಗುವ ಗುಹೆ. ಅಲ್ಲಿ ಜೇಡಗಳ ಹಿಂಡು ಮುತ್ತುತ್ತದೆ. ಕತ್ತಿ, ಬಾಣ ಯಾವುದೂ ಆ ಹಿಂಡಿಗೆ ತಾಗುವುದಿಲ್ಲ. ಸಾವಿರ ಜೇಡಗಳಲ್ಲಿ ಒಂದನ್ನು ಕಡಿದು ಏನು ಪ್ರಯೋಜನ ಎಂಬುದು ಆ ನಿಯಮದ ತರ್ಕ. ಬೆಂಕಿಯ ಸೀಸೆ, ಆಸಿಡ್ ಸೀಸೆ ಎಸೆಯಬೇಕು, ಇಲ್ಲವೇ ಬರ್ನಿಂಗ್ ಹ್ಯಾಂಡ್ಸ್‌ನಂತೆ ಜಾಗದ ಮೇಲೆ ಹರಡುವ ಮಂತ್ರ ಹಾಕಬೇಕು. ಇದು ಗೊತ್ತಿಲ್ಲದೆ ಅಲ್ಲೇ ಗೇಮ್ ಕೈಬಿಟ್ಟವರು ಬಹಳ ಮಂದಿ. ಅಲ್ಲಿಗೆ ಹೋಗುವ ಮುನ್ನ ಪ್ರತಿಯೊಬ್ಬರ ಬೆಲ್ಟ್‌ನಲ್ಲೂ ಎರಡು ಮೂರು ಬೆಂಕಿ ಸೀಸೆ ಇರಲಿ. ಮೊದಲ ಅಧ್ಯಾಯಕ್ಕೆ ಮೂರು ತಿಂಗಳ ಗಡುವು ಇದೆ ಎಂಬುದೂ ನೆನಪಿರಲಿ. ದಾರಿಯಲ್ಲಿ ಸಿಕ್ಕಿದಲ್ಲೆಲ್ಲ ಮಲಗಿದರೆ ದಿನಗಳು ಹೋಗುತ್ತವೆ.

ಈ ಎರಡೂ ಗೇಮ್‌ಗಳಲ್ಲಿ ಡಿಫಿಕಲ್ಟಿಯ ಒಂದೊಂದು ಭಾಗವನ್ನೂ ಬೇರೆ ಬೇರೆಯಾಗಿ ಇಳಿಸಬಹುದು. ‘ನಾರ್ಮಲ್’ ಎಂಬ ಹೆಸರಿಗೆ ಮೋಸ ಹೋಗಬೇಡಿ, ಈ ಗೇಮ್‌ಗಳ ನಿಯಮ ಹೊಸದಾದವರಿಗೆ ಅದೇ ಕಷ್ಟ. ಶತ್ರುವಿನ ಏಟಿನ ಪ್ರಮಾಣವನ್ನು ಇಳಿಸಿ ಆಡಿ, ನಾಚಿಕೆಪಡಬೇಕಾದ್ದು ಏನೂ ಇಲ್ಲ. ಕಿಂಗ್‌ಮೇಕರ್‌ನ ರಾಜ್ಯಭಾರ ಬೇಸರವಾದರೆ ಆಟೋಗೆ, ಅಂದರೆ ಗೇಮ್ ತಾನೇ ನೋಡಿಕೊಳ್ಳುವಂತೆ, ಹಾಕಬಹುದು. ರಾತ್‌ನ ಸೈನ್ಯದ ಭಾಗವನ್ನೂ ಆಟೋಗೆ ಹಾಕಬಹುದು, ಆದರೆ ಆಗ ಕೆಲವು ಸಂಗತಿಗಳು ಕೈತಪ್ಪುತ್ತವೆ. ಪ್ರತಿ ಕಾದಾಟಕ್ಕೂ ಮುನ್ನ ಹತ್ತಾರು ರಕ್ಷಣೆಯ ಮಂತ್ರ ಹಾಕುವುದು ನಿಮಗೆ ಕಿರಿಕಿರಿ ಎಂದಾದರೆ, ನೇರ ಹೇಳುತ್ತೇವೆ, ಈ ಎರಡನ್ನೂ ಬಿಡಿ.

ಹಳೆಯ ಬಾಲ್ಡರ್ಸ್ ಗೇಟ್, 1998ರದ್ದು, ಇನ್ನೊಂದು ಬಲೆ. ‘3 ಮುಗಿಸಿದೆ, ಇನ್ನು 1ರಿಂದ’ ಎಂದು ಹೊರಡುವವರು ಹೆಚ್ಚು. ಅಲ್ಲಿ ಕವಚದ ಅಂಕಿ ಕಡಿಮೆಯಾದಷ್ಟೂ ಒಳ್ಳೆಯದು. ನಿಮ್ಮ ಪಾತ್ರದ ಥ್ಯಾಕೊ ಎಂಬ ಅಂಕಿಯಿಂದ ಎದುರಾಳಿಯ ಕವಚದ ಅಂಕಿ ಕಳೆಯಿರಿ, ಉಳಿದದ್ದು ದಾಳದಲ್ಲಿ ಬೀಳಬೇಕಾದ ಕನಿಷ್ಠ ಸಂಖ್ಯೆ: 20ರಲ್ಲಿ 5 ಕಳೆದರೆ 15. ಅಂದರೆ ಶುರುವಿನಲ್ಲಿ ಹತ್ತು ಏಟಿಗೆ ಏಳು ತಪ್ಪುತ್ತವೆ. ಮೊದಲ ಲೆವೆಲ್‌ನ ಮಾಂತ್ರಿಕನ ಜೀವ ಹೆಚ್ಚೆಂದರೆ ನಾಲ್ಕಾರು. ಫ್ರೆಂಡ್ಲಿ ಆರ್ಮ್ ಛತ್ರದ ಮೆಟ್ಟಿಲ ಮೇಲೆ ಕಾದಿರುವ ಕೊಲೆಗಾರನೊಬ್ಬ ಬಹಳ ಮಂದಿಯ ಗೇಮ್ ಅಲ್ಲೇ ಮುಗಿಸುತ್ತಾನೆ. ಒಂಟಿಯಾಗಿ ಹೋಗಬೇಡಿ, ದಾರಿಯಲ್ಲಿ ಸಿಗುವ ಜೊತೆಗಾತಿ ಇಮೊಯೆನ್ ಕೈಯಲ್ಲಿ ಮ್ಯಾಜಿಕ್ ಮಿಸೈಲ್ ದಂಡ ಇರುತ್ತದೆ, ಅದು ಅವನಿಗಾಗಿಯೇ ಎಂದು ತಿಳಿಯಿರಿ. ಇಲ್ಲಿ ಸರದಿ ಇಲ್ಲ, ಎಲ್ಲವೂ ಒಟ್ಟಿಗೆ ನಡೆಯುತ್ತದೆ, ಸ್ಪೇಸ್ ಬಾರ್ ಒತ್ತಿ ನಿಲ್ಲಿಸಿ ಆಜ್ಞೆ ಕೊಡಬೇಕು. ಸೆಟ್ಟಿಂಗ್‌ನಲ್ಲಿ ‘ಶತ್ರು ಕಂಡಾಗ ನಿಲ್ಲಿಸು’ ಎಂಬ ಆಟೋ ಪಾಝ್ (ತಾನಾಗಿ ನಿಲ್ಲುವ) ಆಯ್ಕೆ ಹಾಕದೆ ಆಡಲೇಬೇಡಿ. ಇಷ್ಟಕ್ಕೆ ತಯಾರಿದ್ದರೆ 1 ಆಡಿ. ಇಲ್ಲದಿದ್ದರೆ 2000ದಲ್ಲಿ ಬಂದ ಎರಡನೆಯ ಭಾಗದಿಂದಲೇ ಶುರು ಮಾಡಿ, ಅಲ್ಲಿ ಪಾತ್ರಗಳು ಶುರುವಿನಲ್ಲೇ ಬೆಳೆದಿರುತ್ತವೆ.

ಓದುವ ಭಾರದ ಬಗ್ಗೆ ಯಾರೂ ಹೇಳುವುದಿಲ್ಲ, ನಮಗೆ ಅದು ಮುಖ್ಯ. ಈ ಗೇಮ್‌ಗಳು ಕನ್ನಡದಲ್ಲಿ ಇಲ್ಲ, ಇಂಗ್ಲಿಷಿನಲ್ಲೇ ಓದಬೇಕು. ಕನ್ನಡ ಮಾಧ್ಯಮದಲ್ಲಿ ಓದಿದವರು ಪೂರ್ತಿ ಧ್ವನಿ ಇರುವ, ಅಂದರೆ ಎಲ್ಲ ಮಾತನ್ನೂ ಓದಿ ಹೇಳುವ ಗೇಮ್‌ನಿಂದ ಶುರು ಮಾಡಿದರೆ ಅರ್ಧ ಭಾರ ಇಳಿಯುತ್ತದೆ. 2019ರ ಡಿಸ್ಕೊ ಎಲಿಸಿಯಂಗೆ 2021ರ ಫೈನಲ್ ಕಟ್ ಎಂಬ ಆವೃತ್ತಿಯಲ್ಲಿ ಪೂರ್ತಿ ಧ್ವನಿ ಬಂದಿದೆ. 1999ರ ಪ್ಲೇನ್‌ಸ್ಕೇಪ್: ಟಾರ್ಮೆಂಟ್‌ನಲ್ಲಿ ಅದಿಲ್ಲ, ಮೇಲಿಂದ ಅದರ ಊರಿನ ಆಡುಮಾತೇ ಬೇರೆ, ಎರಡು ಮೂರು ಗೇಮ್ ಆದಮೇಲೆ ಅದಕ್ಕೆ ಬನ್ನಿ, ಖಂಡಿತ ಬನ್ನಿ, ಅಷ್ಟು ದೊಡ್ಡ ಬರವಣಿಗೆ ಅದು. ಬಂದಾಗ ಪಾಯಿಂಟ್‌ಗಳನ್ನು ವಿಸ್‌ಡಮ್, ಇಂಟೆಲಿಜೆನ್ಸ್, ಕರಿಸ್ಮಾಕ್ಕೆ ಹಾಕಿ. ತೋಳ್ಬಲಕ್ಕೆ ಹಾಕಿದರೆ ಗೇಮ್‌ನ ದುರ್ಬಲ ಭಾಗವಾದ ಕಾದಾಟವನ್ನು ಮಾತ್ರ ನೋಡಿದಂತಾಗುತ್ತದೆ, ಒಳ್ಳೆಯ ಮಾತುಗಳೆಲ್ಲ ಮುಚ್ಚಿಯೇ ಇರುತ್ತವೆ.

ಡಿಸ್ಕೊದಲ್ಲಿ ದಾಳ ಹಾಕಿ ಕೌಶಲ ನೋಡುವುದು ಎರಡು ಬಗೆ, ಬಿಳಿ ಪರೀಕ್ಷೆ, ಕೆಂಪು ಪರೀಕ್ಷೆ. ಬಿಳಿಯದು ಸೋತರೆ ಆ ಕೌಶಲಕ್ಕೆ ಒಂದು ಪಾಯಿಂಟ್ ಹಾಕಿದಾಗ ಮತ್ತೆ ತೆರೆಯುತ್ತದೆ, ಕೆಂಪು ಒಂದೇ ಸಲ. ಹಾಗಾಗಿ ಸಿಕ್ಕಿದ ಪಾಯಿಂಟನ್ನು ಕೂಡಲೇ ಖರ್ಚು ಮಾಡದೆ ಒಂದನ್ನು ಕೈಯಲ್ಲಿ ಇಟ್ಟುಕೊಳ್ಳಿ. ದೈಹಿಕ ಶಕ್ತಿಯನ್ನು 1ಕ್ಕೆ ಇಳಿಸಿ ಶುರು ಮಾಡಿದರೆ ಮೊದಲ ಕೋಣೆಯ ದೀಪ ಹಾಕಿದ್ದಕ್ಕೇ ಪಾತ್ರ ಸಾಯಬಹುದು, ಅಷ್ಟು ಬಿಗಿ.

2015ರ ಪಿಲ್ಲರ್ಸ್ ಆಫ್ ಎಟರ್ನಿಟಿಯಲ್ಲಿ ಒಂದು ಸಣ್ಣ ವಿಷಯ ತಿಳಿದಿದ್ದರೆ ಎಷ್ಟೋ ಆಯಾಸ ತಪ್ಪುತ್ತದೆ. ಹೆಸರಿನ ಫಲಕ ಚಿನ್ನದ ಬಣ್ಣದಲ್ಲಿ ಇರುವವರು ಗೇಮ್‌ಗೆ ಹಣ ಕೂಡಿಸಿದವರ ಪಾತ್ರಗಳು. ಅವರ ಕಥೆಗೂ ಮುಖ್ಯ ಕಥೆಗೂ ಸಂಬಂಧ ಇಲ್ಲ. ಎಲ್ಲವನ್ನೂ ಓದುತ್ತಾ ಹೋಗಿ ಸುಸ್ತಾದವರು ಗೇಮ್‌ನ ಮೇಲೆ ತಪ್ಪು ಹೊರಿಸುತ್ತಾರೆ.

ಹಳೆಯ ಗೇಮ್‌ಗಳಿಗೆ ಪ್ಯಾಚ್ (ದೋಷ ತಿದ್ದುವ ಫೈಲ್) ಮೊದಲು, ಆಟ ಆಮೇಲೆ. ಟ್ರೋಯ್ಕಾ ಸ್ಟುಡಿಯೋದ ಆರ್ಕೇನಮ್ (2001), ವ್ಯಾಂಪೈರ್: ದಿ ಮಾಸ್ಕರೇಡ್ – ಬ್ಲಡ್‌ಲೈನ್ಸ್ (2004) ಎರಡಕ್ಕೂ ಅಭಿಮಾನಿಗಳ ಅನಧಿಕೃತ ಪ್ಯಾಚ್ ಉಂಟು. ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್ 2ಕ್ಕೆ ಬಿಟ್ಟುಹೋದ ಭಾಗಗಳನ್ನು ಮರಳಿ ಸೇರಿಸುವ ‘ಮಾಡ್’ (ಅಭಿಮಾನಿಗಳು ಮಾಡಿದ ತಿದ್ದುಪಡಿ) ಉಂಟು. ಇವನ್ನು ಹೊಸ ಗೇಮ್ ಶುರು ಮಾಡುವ ಮುನ್ನವೇ ಹಾಕಬೇಕು. ನಡುವೆ ಹಾಕಿದರೆ ಹಳೆಯ ಸೇವ್ ಕೆಡಬಹುದು.

ಇನ್ನು ಯಂತ್ರ. ಬಾಲ್ಡರ್ಸ್ ಗೇಟ್ 3 ಕೇಳುವುದು 150 ಜಿಬಿ ಎಸ್‌ಎಸ್‌ಡಿ ಜಾಗ, ಕನಿಷ್ಠ 8 ಜಿಬಿ ರ್ಯಾಮ್, 4 ಜಿಬಿ ಮೆಮೊರಿಯ ಗ್ರಾಫಿಕ್ಸ್ ಕಾರ್ಡ್. ಅಷ್ಟನ್ನೂ ದಿನಕ್ಕೆ 2 ಜಿಬಿಯ ಮೊಬೈಲ್ ಡೇಟಾದಲ್ಲಿ ಇಳಿಸಲು ಹೊರಟರೆ 75 ದಿನ ಬೇಕು. ಹಾಸ್ಟೆಲಿನಲ್ಲಿ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್ ಇಟ್ಟುಕೊಂಡವರಿಗೆ ಶ್ಯಾಡೊರನ್: ಡ್ರ್ಯಾಗನ್‌ಫಾಲ್, 1997ರ ಫಾಲ್‌ಔಟ್, ಹಳೆಯ ಬಾಲ್ಡರ್ಸ್ ಗೇಟ್‌ಗಳ ಎನ್‌ಹಾನ್ಸ್‌ಡ್ ಎಡಿಷನ್ (ತಿದ್ದಿದ ಹೊಸ ಆವೃತ್ತಿ) ಆರಾಮಾಗಿ ಓಡುತ್ತವೆ. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೇಳದೆ ಕೇಳದೆ ಹೋಗುತ್ತದೆ. ಸೇವ್ ಬರೆಯುತ್ತಿರುವಾಗಲೇ ಹೋದರೆ ಆ ಫೈಲ್ ಹಾಳು. ಕ್ವಿಕ್ ಸೇವ್ ಒಂದನ್ನೇ ನಂಬಿ ಕೂರಬೇಡಿ, ಮೂರು ಬೇರೆ ಸ್ಲಾಟ್‌ಗಳಲ್ಲಿ ಸರದಿಯಂತೆ ಉಳಿಸಿ. ಡೆಸ್ಕ್‌ಟಾಪ್ ಇದ್ದರೆ ಸಣ್ಣ ಯುಪಿಎಸ್ ಇರಲೇಬೇಕು.

ಕೊಳ್ಳುವಾಗ ಒಂದು ಎಚ್ಚರ. ಗೇಮ್ ಮಾರುವ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ನಲ್ಲಿ ಹಣ ವಾಪಸ್ ಸಿಗಬೇಕಾದರೆ ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಯೊಳಗೆ ಇರಬೇಕು. ಆರ್‌ಪಿಜಿಯಲ್ಲಿ ಪಾತ್ರ ಕಟ್ಟುವುದಕ್ಕೇ ಒಂದು ಗಂಟೆ ಹೋಗುತ್ತದೆ. ಆದ್ದರಿಂದ ಮೊದಲ ಸಲ ಗೇಮ್ ಕೊಟ್ಟ ಸಿದ್ಧ ಪಾತ್ರವನ್ನೇ ಆರಿಸಿ ನೇರ ಒಳಗೆ ಹೋಗಿ. ಯಂತ್ರ ತಡೆಯುತ್ತದೋ, ಅಕ್ಷರ ಓದಲು ಬರುತ್ತದೋ, ಮೊದಲ ಕಾದಾಟ ಹೇಗಿದೆ, ಇಷ್ಟು ನೋಡಿ. ಉಳಿಸಿಕೊಳ್ಳುವುದೆಂದಾದರೆ ಆಮೇಲೆ ನಿಮ್ಮ ಪಾತ್ರ ಕಟ್ಟಿ.

ಬಾಲ್ಡರ್ಸ್ ಗೇಟ್ 3 ಈಗಷ್ಟೇ ಮುಗಿಸಿದವರಿಗೆ ನಮ್ಮ ಸಲಹೆ ಡ್ರ್ಯಾಗನ್‌ಫಾಲ್. 2014ರದ್ದು, ಸರದಿಯ ಕಾದಾಟ, ಇಪ್ಪತ್ತೈದು ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ, ಒಂದೊಂದು ಕೆಲಸವನ್ನೂ ಒಂದು ಸಂಜೆಯಲ್ಲಿ ಮುಗಿಸಬಹುದು. ನೂರು ಗಂಟೆಯ ಗೇಮ್‌ನ ಬೆನ್ನಿಗೆ ಇನ್ನೊಂದು ನೂರು ಗಂಟೆಯದ್ದು ಹಿಡಿದವರು ಎರಡನೆಯದನ್ನು ಮುಗಿಸುವುದು ಅಪರೂಪ. ಅದಾದ ಮೇಲೆ ಮಾತು ಇಷ್ಟವಾದವರು ಡಿಸ್ಕೊಗೆ, ಕಾದಾಟ ಇಷ್ಟವಾದವರು ಡಿವಿನಿಟಿಗೆ, ಲೆಕ್ಕ ಇಷ್ಟವಾದವರು ಕಿಂಗ್‌ಮೇಕರ್‌ಗೆ ಹೋಗಿ.

ಈಗ ನಿಮ್ಮ ಪ್ರಶ್ನೆಗಳು. ಕೇಳುವಾಗ ಮೂರು ವಿಷಯ ಹೇಳಿ: ಕೊನೆಗೆ ಮುಗಿಸಿದ ಗೇಮ್ ಯಾವುದು, ನಡುವೆ ಕೈಬಿಟ್ಟದ್ದು ಯಾವುದು, ಲ್ಯಾಪ್‌ಟಾಪ್‌ನಲ್ಲಿ ರ್ಯಾಮ್ ಎಷ್ಟು.